ಭತ್ತದ ಹೊಟ್ಟು ಮತ್ತು ಶಕ್ತಿಯ ಉತ್ಪಾದನೆ

ನಮ್ಮ ಜಿಲ್ಲೆಯ ಕೈಗಾರಿಕೆಯ ಮಾತು ಬಂದರೆ ಅದಿರು, ಉಕ್ಕು ಎಂದು ಹೇಳಿ ಮುಗಿಸಿಬಿಡುವುದು ವಾಡಿಕೆ. ಆದರೆ ಬಳ್ಳಾರಿಯಿಂದ ಹೊರಟು ಕುರುಗೋಡು, ಸಿರುಗುಪ್ಪಗಳ ಕಡೆಗೆ ಪ್ರಯಾಣಮಾಡಿದವರಿಗೆ ಬೇರೊಂದು ಕೈಗಾರಿಕೆ ಕಣ್ಣಿಗೆ ಬೀಳದಿರದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿದ ಮೇಲೆ ಜೋಳ, ಹತ್ತಿಗಳ ಈ ಕರಿನೆಲದಲ್ಲಿ ಭತ್ತ ಬೇರೂರಿತು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳ ಹಿತ್ತಲಲ್ಲಿ ಹೊಟ್ಟಿನ ಗುಡ್ಡೆಗಳೆದ್ದವು. ಈ ಗುಡ್ಡೆಗಳಲ್ಲಿ ಅಡಗಿರುವ ಶಕ್ತಿ ಎಷ್ಟು, ಅದನ್ನು ಎಲ್ಲಿ ಉಪಯೋಗಿಸಿದರೆ ಹೆಚ್ಚು ಲಾಭ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಎಂಜಿನಿಯರನಲ್ಲ. ಆದರೂ ಇಲ್ಲಿ ಬೇಕಾಗುವ ಲೆಕ್ಕ ಪ್ರೌಢಶಾಲೆಯ ಗಣಿತವನ್ನು ಮೀರಿದ್ದಲ್ಲ.

ಹೊಟ್ಟು ಎಂಬುದು ವಿಚಿತ್ರವಾದ ವಸ್ತು. ದನ ತಿನ್ನದು, ಗೊಬ್ಬರದ ಗುಂಡಿಯಲ್ಲಿ ಹಾಕಿದರೆ ಬೇಗ ಕೊಳೆಯದು. ಅದರಲ್ಲಿ ಮರಳಿನ ಜಾತಿಯ ಸಿಲಿಕಾ ಹೇರಳವಾಗಿರುವುದೇ ಇದಕ್ಕೆ ಕಾರಣ. ಹಿಂದಿನ ಹಲ್ಲರ್ ಗಿರಣಿಗಳಲ್ಲಿ ಹೊಟ್ಟೂ ತೌಡೂ ಒಂದರಲ್ಲೊಂದು ಬೆರೆತು ಬೀಳುತ್ತಿದ್ದವು. ರಬ್ಬರಿನ ಉರುಳೆಗಳ ಯಂತ್ರ ಬಂದ ಮೇಲೆ ತೌಡು ಬೇರೆ, ಹೊಟ್ಟು ಬೇರೆ ಆಯಿತು. ತೌಡಿಗೆ ಎಣ್ಣೆಯ ಕಾರ್ಖಾನೆಯವರು ಗಿರಾಕಿಗಳಾದರು. ಹೊಟ್ಟು ಮಾತ್ರ ಹಿತ್ತಲಲ್ಲೇ ಉಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ಟನ್ನು ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 200 ಕಿಲೋ ಹೊಟ್ಟು ಬರುವುದು. ಒಂದು ಕಿಲೋ ಹೊಟ್ಟನ್ನು ಉರಿಸಿದರೆ ಸ್ಥೂಲವಾಗಿ 3200 ಕಿಲೋಕ್ಯಾಲೊರಿ ಉಷ್ಣ ದೊರೆಯುತ್ತದೆ. ಅಂದರೆ ಒಟ್ಟು 6,40,000 ಕಿಲೋಕ್ಯಾಲೊರಿ. ವಿದ್ಯುತ್ತಿನ ಒಂದು ಯೂನಿಟ್ಟು 860 ಕಿಲೋಕ್ಯಾಲೊರಿಗೆ ಸಮ. ಹಾಗಾದರೆ ಒಂದು ಟನ್ನು ಭತ್ತದ ಹೊಟ್ಟಿನಿಂದ 744 ಯೂನಿಟ್ಟು ಬರಬೇಕಷ್ಟೆ? ಬರುವುದಿಲ್ಲ. ಗಿರಣಿಯ ಪ್ರಮಾಣದ ಚಿಕ್ಕ ಬಾಯ್ಲರು, ಚಿಕ್ಕ ಟರ್ಬೈನುಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 2 ಕಿಲೋ ಹೊಟ್ಟು ಬೇಕಾಗುತ್ತದೆ. ಹೀಗೆ ಕೈಗೆ ಸಿಕ್ಕುವುದು 100 ಯೂನಿಟ್ಟು, ಏಳರಲ್ಲಿ ಒಂದು ಪಾಲು. ಮಿಕ್ಕ ಆರು ಪಾಲು ಆವಿಯಾಗಿ, ಹೊಗೆಯಾಗಿ, ಬಿಸಿನೀರಾಗಿ ಹೋಗುತ್ತದೆ.

ಈ ಆರು ಪಾಲು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯೇ ನನಗೆ ಮುಖ್ಯವಾಗಿ ತೋರುತ್ತದೆ. ಗಿರಣಿಗೆ ವಿದ್ಯುತ್ತು ಮಾತ್ರವೇ ಬೇಕೆ? ಹಸಿ ಭತ್ತವನ್ನು ಒಣಗಿಸಲು ಬಿಸಿ ಗಾಳಿ ಬೇಕು. ಕುಸುಬಲಕ್ಕಿ ಮಾಡುವವರಿಗೆ ಭತ್ತವನ್ನು ಬೇಯಿಸಲು ಆವಿ ಬೇಕು. ಒಂದು ಟನ್ನು ಭತ್ತವನ್ನು ಅಕ್ಕಿ ಮಾಡಲು ಯಂತ್ರಗಳಿಗೆ ತಗಲುವ ವಿದ್ಯುತ್ತು 30ರಿಂದ 60 ಯೂನಿಟ್ಟು ಎನ್ನಬಹುದು. ಆದುದರಿಂದ ಹೊಟ್ಟನ್ನು ಗಿರಣಿಯಲ್ಲಿಯೇ ಉರಿಸಿ, ಆವಿಯಿಂದ ಮೊದಲು ಟರ್ಬೈನನ್ನು ತಿರುಗಿಸಿ, ಹೊರಬಂದ ಆವಿಯನ್ನೇ ಒಣಗಿಸುವುದಕ್ಕೂ ಬೇಯಿಸುವುದಕ್ಕೂ ಹಿಡಿದುಕೊಂಡರೆ, ಪೋಲಾಗುತ್ತಿದ್ದ ಉಷ್ಣದಲ್ಲಿ ದೊಡ್ಡ ಭಾಗ ಕೆಲಸಕ್ಕೆ ಬಂದಂತಾಯಿತು. ಇದಕ್ಕೆ ಸಹ-ಉತ್ಪಾದನೆ ಎಂದು ಹೆಸರು. ಅದೇ ಹೊಟ್ಟನ್ನು ದೂರದ ವಿದ್ಯುದಾಗಾರಕ್ಕೆ ಸಾಗಿಸಿದರೆ ಅಲ್ಲಿ ವಿದ್ಯುತ್ತು ಸ್ವಲ್ಪ ಹೆಚ್ಚು ಬಂದೀತು, ಉಷ್ಣವೆಲ್ಲ ಗಾಳಿಯ ಪಾಲು.

ಸಾಗಿಸುವುದಾದರೂ ಸುಲಭವೆ? ಒಂದು ಘನಮೀಟರು ಜಾಗದಲ್ಲಿ ಹೊಟ್ಟು ಹಿಡಿಸುವುದು 100–120 ಕಿಲೋ ಮಾತ್ರ. 30 ಘನಮೀಟರಿನ ಲಾರಿ ಬಾಯಿತನಕ ತುಂಬಿದರೂ ಮೂರೂವರೆ ಟನ್ನು ದಾಟದು. ಕಲ್ಲಿದ್ದಲಾದರೆ ಅದೇ ಲಾರಿ ತೂಕ ತಾಳದೆ ಕುಸಿದೀತು! ಸಿರುಗುಪ್ಪದ ರಸ್ತೆಯಲ್ಲಿ ಹಗ್ಗ ಬಿಗಿದು, ಎರಡು ಬದಿಗೂ ಉಬ್ಬಿಕೊಂಡು ಬರುವ ಹೊಟ್ಟಿನ ಲಾರಿಗಳನ್ನು ನಮ್ಮಲ್ಲಿ ಯಾರು ನೋಡಿಲ್ಲ? ಅವು ಸಾಗಿಸುವುದು ಬಹುಮಟ್ಟಿಗೆ ಗಾಳಿಯನ್ನು, ಉರಿಸುವುದು ಡೀಸಲನ್ನು.

ನಮ್ಮ ಹಿರಿಯರ ಬೆಲ್ಲದ ಗಾಣದಲ್ಲಿ ಈ ತತ್ತ್ವ ಹಿಂದಿನಿಂದಲೂ ನಡೆದುಬಂದಿದೆ. ಕಬ್ಬನ್ನು ಹಿಂಡಿ ಉಳಿದ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಣಗಿಸಿ, ಅದೇ ಕೊಪ್ಪರಿಗೆಯ ಕೆಳಗೆ ಉರಿಸುತ್ತಿದ್ದರು. ಹೊರಗಿನ ಸೌದೆ ಬೇಕಾಗುತ್ತಿದ್ದುದು ಅಪರೂಪ. ಸಕ್ಕರೆ ಕಾರ್ಖಾನೆಗಳೂ ಇದನ್ನೇ ಮಾಡಿದುವು, ಆದರೆ ಬಹುಕಾಲ ಅಷ್ಟು ಜಾಣತನದಿಂದಲ್ಲ. ನೂರು ಟನ್ನು ಕಬ್ಬಿಗೆ ಸುಮಾರು 30 ಟನ್ನು ಸಿಪ್ಪೆ, ಅದರಲ್ಲಿ ಅರ್ಧ ನೀರು. ಸಿಪ್ಪೆಯ ರಾಶಿ ಕರಗಿದರೆ ಸಾಕೆಂದು ಕಡಮೆ ಒತ್ತಡದ ಬಾಯ್ಲರುಗಳಲ್ಲಿ ಮನಬಂದಂತೆ ಸುಡುತ್ತಿದ್ದರು. 1990ರ ದಶಕದಿಂದೀಚೆಗೆ ಹೆಚ್ಚು ಒತ್ತಡದ ಬಾಯ್ಲರುಗಳು ಬಂದು, ಮಿಗುವ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರುವ ಪದ್ಧತಿ ಕರ್ನಾಟಕದಲ್ಲಿ ಹರಡಿತು. ನಮ್ಮ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿಯೂ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದುದು ಎಲ್ಲರೂ ಬಲ್ಲ ವಿಷಯ. ಆದರೆ ಕಬ್ಬು ಅರೆಯುವ ಕಾಲ ವರ್ಷಕ್ಕೆ ಕೆಲವೇ ತಿಂಗಳು. ಹೊಟ್ಟಾದರೋ ದಾಸ್ತಾನಿನ ಭತ್ತವಿರುವಷ್ಟು ಕಾಲವೂ ಬೀಳುತ್ತಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇನ್ನೊಂದು ದಾರಿ ತೋರಿಸಿದ್ದಾರೆ. ಜೀವದ್ರವ್ಯವನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿ, ಹೊರಡುವ ಅನಿಲದಿಂದ ಎಂಜಿನನ್ನು ನಡೆಸುವ ವಿಧಾನ ಅದು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿಯೇ ಅದರಿಂದ ದೀಪ ಉರಿಯಿತು. ಅಲ್ಲಿ ಉರಿಸಿದ್ದು ಸೌದೆ. ಹೊಟ್ಟು ಹಗುರ, ಬೂದಿ ಬಹಳ. ಅನಿಲದಲ್ಲಿ ಬರುವ ಡಾಂಬರಿನಂಥ ಅಂಟನ್ನು ತೊಳೆದು ತೆಗೆಯುವ ಕೆಲಸವೂ ತೊಡಕಿನದು. ಇನ್ನು ಹಸಿ ಕಸದ ಮಾತು: ಡಿಸ್ಟಿಲರಿಯ ಕಾಕಂಬಿ ನೀರು, ಮಾರುಕಟ್ಟೆಯ ತರಕಾರಿ, ಸಗಣಿ ಇವನ್ನೆಲ್ಲ ಉರಿಸಲಾಗದು, ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿ ಗೋಬರ್ ಗ್ಯಾಸಿನಂತೆ ಅನಿಲ ಪಡೆಯಬೇಕು. ಹೊಟ್ಟಿಗೆ ಆ ದಾರಿಯಿಲ್ಲ.

ಬೂದಿಯ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬಾಯ್ಲರು ಮಾರುವವರು ಇದನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ಹೊಟ್ಟಿನಲ್ಲಿ ಬೂದಿ ನೂರಕ್ಕೆ 18ರಷ್ಟು. ಒಂದು ಟನ್ನು ಭತ್ತಕ್ಕೆ 36 ಕಿಲೋ. ಆ ಬೂದಿಯಲ್ಲಿ ನೂರಕ್ಕೆ 90ರಷ್ಟು ಸಿಲಿಕಾ. ಸುಮಾರು 700 ಡಿಗ್ರಿಯೊಳಗಿನ ಹದವಾದ ಶಾಖದಲ್ಲಿ ಉರಿದ ಬೂದಿ ಸಿಮೆಂಟಿನೊಡನೆ ಸೇರಿ ಕಾಂಕ್ರೀಟನ್ನು ಗಟ್ಟಿಮಾಡುತ್ತದೆ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹ ಆರದಂತೆ ಮೇಲೆ ಹೊದಿಸುವುದಕ್ಕೂ ಹೊಟ್ಟಿನ ಬೂದಿ ಉಪಯೋಗವಾಗುತ್ತದೆ; ಅಂಥ ಕಾರ್ಖಾನೆ ನಮಗೆ ತೋರಣಗಲ್ಲಿನಷ್ಟು ಹತ್ತಿರದಲ್ಲಿದೆ. ಶಾಖ ಅತಿಯಾದರೆ ಸಿಲಿಕಾ ಹರಳುಗಟ್ಟುತ್ತದೆ. ಹರಳಿನ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಕಲ್ಲುಗಣಿಯ ಕೆಲಸಗಾರರನ್ನು ಕಾಡುವ ಶ್ವಾಸಕೋಶದ ರೋಗವೇ ಬರಬಹುದು. ಬಾಯ್ಲರಿನ ಮುಂದೆ ನಿಂತು ಸಲಿಕೆಯಲ್ಲಿ ಬೂದಿ ಎತ್ತುವ ಹಮಾಲರ ಮುಖಕ್ಕೆ ಒಂದು ಟವೆಲ್ಲು ಬಿಟ್ಟರೆ ಬೇರೆ ರಕ್ಷಣೆಯಿಲ್ಲದ್ದನ್ನು ನಾನು ಕಂಡಿದ್ದೇನೆ. ಗಿರಣಿಯ ಓಣಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿ ಬೀಳುತ್ತದೆಂದು ಹೆಂಗಸರು ಬೈಯುವುದನ್ನೂ ಕೇಳಿದ್ದೇನೆ. ಈ ಶಕ್ತಿಯನ್ನು ‘ಶುದ್ಧ’ ಎಂದು ಕರೆಯುವ ಮುನ್ನ ಹೊಗೆಗೊಳವೆಯಲ್ಲಿ ಧೂಳು ಹಿಡಿಯುವ ಸಾಧನವಿದೆಯೇ, ಬೂದಿ ಕಾಲುವೆಯ ದಂಡೆಗೆ ಬೀಳುತ್ತಿದೆಯೇ ಎಂದು ನೋಡಬೇಕು.

ಬೆಲೆಯ ವಿಚಾರವೂ ಉಂಟು. ಹೊಟ್ಟಿನ ಒಲೆಯಲ್ಲಿ ಚಹ ಕಾಸುವ ಬಡವರಿಗೂ, ಮಂಡಕ್ಕಿ ಭಟ್ಟಿಯವರಿಗೂ, ಇಟ್ಟಿಗೆ ಸುಡುವವರಿಗೂ ಹೊಟ್ಟು ಎಂದೂ ಕಸವಾಗಿರಲಿಲ್ಲ. ದೊಡ್ಡ ಬಾಯ್ಲರಿನವನು ಲಾರಿಗಟ್ಟಲೆ ಕೊಳ್ಳಲು ಬಂದರೆ ಚೀಲದ ಲೆಕ್ಕದಲ್ಲಿ ಕೊಳ್ಳುವವನು ಹಿಂದೆ ಸರಿಯುತ್ತಾನೆ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ತೊಳೆಯುವ ಘಟಕಗಳಿಗೂ ಬಿಸಿನೀರು, ಆವಿ ಬೇಕು. ಗಿರಣಿ ತನ್ನ ಕೆಲಸಕ್ಕೆ ಬಳಸಿ ಮಿಕ್ಕ ಹೊಟ್ಟು ಮೊದಲು ಇಂಥ ನೆರೆಯ ಉಪಯೋಗಗಳಿಗೆ ಸಲ್ಲಲಿ, ಆಮೇಲೆ ಗ್ರಿಡ್ಡಿಗೆ, ಎಂಬುದು ನನ್ನ ಅಭಿಪ್ರಾಯ. ಅರ್ಥಶಾಸ್ತ್ರದ ಗುರುಗಳು ಇದನ್ನು ಒಪ್ಪಲಿಕ್ಕಿಲ್ಲ; ಹೆಚ್ಚು ಬೆಲೆ ಕೊಡುವವನಿಗೆ ಮಾರುವುದು ಗಿರಣಿಯ ಹಕ್ಕಲ್ಲವೆ ಎಂದು ಅವರು ಕೇಳಬಹುದು.

ಮತ್ತೆ ‘ನವೀಕರಣಗೊಳ್ಳುವ ಶಕ್ತಿ’ ಎಂಬ ಮಾತು. ವರ್ಷ ವರ್ಷ ಭತ್ತ ಬೆಳೆದರೆ ವರ್ಷ ವರ್ಷ ಹೊಟ್ಟು. ಆದರೆ ಭತ್ತಕ್ಕೆ ನೀರು ಬೇಕು. ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿ.ಎಂ.ಸಿ. ನೀರು ಹಿಡಿಸುತ್ತಿತ್ತು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋಗಿ ನೀರು ನದಿಗೆ ಹರಿದಾಗ ಕಾಲುವೆಯ ಕೊನೆಯ ಹಳ್ಳಿಗಳವರು ನಾಟಿ ಉಳಿದೀತೆ ಎಂದು ಚಿಂತಿಸಿದರು. ಅಂದು ಆತಂಕಪಡಬೇಕಾಗಿದ್ದವರಲ್ಲಿ ಹೊಟ್ಟನ್ನೇ ನಂಬಿ ಬಾಯ್ಲರು ಕೂಡಿಸಿದವರೂ ಇದ್ದರು. ಎರಡನೆಯ ಬೆಳೆಗೆ ನೀರು ಸಿಗದ ವರ್ಷ ಆ ಬಾಯ್ಲರಿನ ಬಾಯಿಗೆ ಏನು ಹಾಕುತ್ತಾರೆ? ಹತ್ತಿಕಟ್ಟಿಗೆಯೋ, ಮೆಣಸಿನ ಗಿಡದ ಕಡ್ಡಿಯೋ, ಇಲ್ಲವೆ ಹೊರಗಿನಿಂದ ತಂದ ಕಲ್ಲಿದ್ದಲೋ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕಾಗುತ್ತದೆ.