ಪಾಠಕ್ಕೆ ದನಿ ಕೊಡಿ, ಮಕ್ಕಳೇ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹೈಸ್ಕೂಲು ಮಕ್ಕಳೇ, ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ಗಣಿತಕ್ಕೆ, ವಿಜ್ಞಾನಕ್ಕೆ ಟ್ಯೂಷನ್ ಹಚ್ಚಿಕೊಳ್ಳುತ್ತೀರಿ. ಕನ್ನಡ ಅಂದರೆ ‘ಅದೇನು ಬಿಡ್ರಿ, ನಮ್ಮ ಭಾಷೆನ ಅಲ್ಲ’ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವುತ್ತೀರಿ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಿಮ್ಮನ್ನು ನೋಡಿಯೇ ಹುಟ್ಟಿರಬೇಕು.

ಆ ಹಿತ್ತಲಲ್ಲಿ ಏನಿದೆ, ಸ್ವಲ್ಪ ನೋಡಿ. ಹಳಗನ್ನಡದ ಕವಿ ರನ್ನ ಹುಟ್ಟಿದ್ದು ಮುಧೋಳದಲ್ಲಿ, 949ರಲ್ಲಿ, ಬಳೆಗಾರರ ಮನೆಯಲ್ಲಿ. ಕಲಿಯಬೇಕೆಂಬ ಹಟಕ್ಕೆ ಊರು ಬಿಟ್ಟು ದಕ್ಷಿಣಕ್ಕೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಮುಂದೆ ಚಾಲುಕ್ಯ ದೊರೆ ತೈಲಪನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ. ಮನೆಯಲ್ಲಿ ಮಗ್ಗ, ಹೊಲದಲ್ಲಿ ಕಬ್ಬು, ನಮಗೆಲ್ಲಿಯ ಸಾಹಿತ್ಯ ಎನ್ನುವವರು ಅವನನ್ನು ನೆನೆಯಿರಿ. ಅವನ ‘ಗದಾಯುದ್ಧ’ದಲ್ಲಿ ನಾಟಕದ ಕಸುವು ಎಷ್ಟಿದೆಯೆಂದರೆ, ಬಿ.ಎಂ. ಶ್ರೀಕಂಠಯ್ಯನವರು ಅದನ್ನು ನಾಟಕವಾಗಿಯೇ ಹೊಂದಿಸಿಕೊಟ್ಟರು.

ಹಾಗಾಗಿ ಮೊದಲ ಮಾತು: ಹಳಗನ್ನಡ ಕಂಡ ಕೂಡಲೇ ಪುಟ ಮಗುಚಬೇಡಿ. ಗಟ್ಟಿಯಾಗಿ ಓದಿ. ಪದ ಬಿಡಿಸಿ ಹೇಳಿರೆಂದು ಮಾಸ್ತರರನ್ನು ಕೇಳಿ, ನಾಚಬೇಡಿ. ಅರ್ಥ ತಿಳಿದ ಮೇಲೆ ಮತ್ತೊಮ್ಮೆ ಓದಿ. ಸಿಟ್ಟಿನ ಮಾತಿಗೆ ಸಿಟ್ಟು, ಅಳುವಿಗೆ ಅಳು ಬರಲಿ. ಹಾಡ್ತಾ ಹಾಡ್ತಾ ರಾಗ. ಎರಡನೆಯ ಓದಿಗೆ ತಿಳಿಯದ್ದು ನಾಲ್ಕನೆಯದಕ್ಕೆ ತಾನಾಗಿ ತಿಳಿಯುತ್ತದೆ.

ಎರಡನೆಯದು: ಪಾಠದ ಊರನ್ನು ಕಣ್ಣಾರೆ ನೋಡಿ. ‘ಹಲಗಲಿ ಬೇಡರು’ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೇ ಬಂದಿದೆ. ಹಲಗಲಿ ಇರುವುದು ಮುಧೋಳ ತಾಲ್ಲೂಕಿನಲ್ಲಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ, ಬೇಟೆಯನ್ನೇ ನಂಬಿದ ಬೇಡರು ಒಪ್ಪದೆ ತಿರುಗಿಬಿದ್ದರು, ಪ್ರಾಣ ಕೊಟ್ಟರು. ನೀವೋ ‘ಸಂದರ್ಭ ಸಹಿತ ವಿವರಿಸಿ’ಗೆ ನಾಲ್ಕು ಸಾಲು ಬಾಯಿಪಾಠ ಮಾಡಿ ಮುಗಿಸುತ್ತೀರಿ! ರವಿವಾರ ನಾಲ್ಕು ಮಂದಿ ಗೆಳೆಯರು ಕೂಡಿ ಬಸ್ಸು ಹತ್ತಿ ಹೋಗಿ ಬನ್ನಿ. ಊರಿನ ಹಿರಿಯರನ್ನು ಕೇಳಿ, ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಎರಡನ್ನೂ ಕೂಡಿಸಿಯೇ ಹೇಳಿದ್ದಾರೆ.

ಮೂರನೆಯದು ನಾಟಕ. ಗ್ಯಾದರಿಂಗ್ ಬಂತೆಂದರೆ ಸಿನಿಮಾ ಹಾಡು ಹಚ್ಚಿ ಕುಣಿದು ಇಳಿಯುವುದು ನಿಮಗೆ ರೂಢಿಯಾಗಿದೆ. ಕುಣಿಯಿರಿ, ಬೇಡವೆನ್ನುವುದಿಲ್ಲ, ಆದರೆ ಒಂದು ನಾಟಕವನ್ನೂ ಕಟ್ಟಿ. ಇದೇ ಬಾಗಲಕೋಟೆ ಜಿಲ್ಲೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಗೆ ನಮ್ಮ ಹಳ್ಳಿಗಳ ಜನ ಬೆಳತನಕ ಕೂತಿದ್ದಾರೆ. ನಾಟಕಕಾರ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡು ನಿಮ್ಮ ಅಜ್ಜ-ಅಜ್ಜಿಯರಿಗೆ ಇಂದಿಗೂ ನೆನಪಿದ್ದೀತು, ಕೂತು ಕೇಳಿ.

ನಾಟಕಕ್ಕೆ ಇಳಿದ ಮೇಲೆ ನಿಯಮ ತಪ್ಪಬೇಡಿ. ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬನ್ನಿ. ಸಣ್ಣ ಪಾರ್ಟು ಸಿಕ್ಕಿತೆಂದು ಮುಖ ಊದಿಸಬೇಡಿ. ಎರಡೇ ಮಾತಿನ ದೂತ ತಡವರಿಸಿದರೆ ರಾಜನ ಮಾತೂ ಕೆಡುತ್ತದೆ. ನಿಮ್ಮ ಮಾತಿನ ಜೊತೆ ಎದುರಿನವರ ಮಾತೂ ಬಾಯಿಗೆ ಬರಲಿ. ಪರದೆಯ ಹಿಂದಿನಿಂದ ಯಾರೋ ಹೇಳಿಕೊಡುತ್ತಾರೆಂದು ನೆಚ್ಚಬೇಡಿ. ತಪ್ಪಿದರೆ ಬೆಳಕಿನವರನ್ನು, ಪೇಟಿ ಮಾಸ್ತರರನ್ನು ದೂರಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕಡೆಯ ಮಾತಿಗೆ ನಾಚುವುದಂತೂ ಬೇಡವೇ ಬೇಡ. ಪಾತ್ರ ಕೇಳಿದರೆ ಗ್ರಾಂಥಿಕ, ಪಾತ್ರ ಕೇಳಿದರೆ ಮನೆಮಾತು, ಎರಡೂ ನಾಲಿಗೆಗೆ ಒಗ್ಗಲಿ.

ಮಗಳು ರಂಗ ಹತ್ತಿದರೆ ಮಂದಿ ಏನೆಂದಾರು ಎಂದು ತಡೆಯುವ ತಾಯಿ-ತಂದೆಯರಿಗೂ ಒಂದು ಮಾತು. ಬೀಳಗಿಯ ಸೋದರಿಯರನ್ನು ಮರೆಯಬೇಡಿ. ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಅಭಿನಯಿಸಿದರು. ಅಮೀರಬಾಯಿ ಕರ್ನಾಟಕಿ ಹಾಡಿದ 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ದೇಶವೆಲ್ಲ ಮೊಳಗಿದವು. ಸಾವಿರ ಮಂದಿಯ ಮುಂದೆ ಅಂಜದೆ ಮಾತಾಡಿದ ಹುಡುಗಿ ನಾಳೆ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ತಲೆ ತಗ್ಗಿಸಿ ನಿಲ್ಲುವುದಿಲ್ಲ.

ನಾಟಕದಿಂದ ಏನು ಬಂತು ಎಂದು ಕೇಳಬೇಡಿ. ರನ್ನ ‘ಗದಾಯುದ್ಧ’ದಲ್ಲಿ ಸೋತ ದುರ್ಯೋಧನನಿಗೂ ನಾವು ಮರುಗುವಂತೆ ಬರೆದ. ಆ ಪಾತ್ರ ಮಾಡಿದ ಹುಡುಗ, ತನ್ನ ಜೊತೆ ಜಗಳಾಡಿದವನ ಒಡಲಲ್ಲೂ ಒಂದು ದುಃಖವಿರಬಹುದೆಂದು ಯೋಚಿಸುವುದನ್ನು ಕಲಿಯುತ್ತಾನೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಬರಿಯ ನಾಲಿಗೆಯ ಚುರುಕಿಗೆ ಹೇಳಿದ್ದಲ್ಲ, ಎದುರಿನವರನ್ನು ಅರಿತು ಆಡುವ ಮಾತಿಗೆ ಹೇಳಿದ್ದು. ಇಷ್ಟು ಕಲಿತರೆ ಪರೀಕ್ಷೆಯ ಅಂಕ ತಾನಾಗಿ ಹಿಂದೆ ಬರುತ್ತದೆ.

ಹಾಗಂತ ತಾಲೀಮಿನ ನೆಪ ಹೇಳಿ ಗಣಿತದ ಲೆಕ್ಕ ಬಾಕಿ ಇಟ್ಟರೆ ನಾನು ನಿಮ್ಮ ಪರ ನಿಲ್ಲುವುದಿಲ್ಲ. ಎರಡನ್ನೂ ಹೊತ್ತಿಗೆ ಸರಿಯಾಗಿ ಮಾಡಿ. ಮೊಬೈಲಿಗೆ ಕೊಡುವ ಹೊತ್ತಿನಲ್ಲಿ ದಿನಕ್ಕೆ ಅರ್ಧ ತಾಸು ತೆಗೆದು ಒಂದು ಪದ್ಯವನ್ನೋ ನಾಟಕದ ಒಂದು ದೃಶ್ಯವನ್ನೋ ಮನೆಮಂದಿಗೆ ಕೇಳುವಂತೆ ಓದಿ. ಈ ವರ್ಷದ ಗ್ಯಾದರಿಂಗಿನ ನಾಟಕಕ್ಕೆ ನೀವೇ ಮುಂದೆ ಬಂದು ಹೆಸರು ಬರೆಸಿ.