ಏಳಿಗೆಯ ಅಳತೆಗೋಲು
(ಪಾಠಭಾಗ: ಜೆಕರ್ಯ 8:4, 5)

ಯೆರೂಸಲೇಮಿನ ಏಳಿಗೆಯನ್ನು ಸಾರುವ ಪ್ರವಾದಿಯು ಈ ವಚನಗಳಲ್ಲಿ ಬೆಳ್ಳಿಬಂಗಾರವನ್ನು ಎಣಿಸದೆ, ಮುಪ್ಪಿನಿಂದ ಕೋಲೂರಿದ ವೃದ್ಧರನ್ನೂ ಬೀದಿಯಲ್ಲಾಡುವ ಮಕ್ಕಳನ್ನೂ ತೋರಿಸುತ್ತಾನೆ.

ರಾಜ್ಯಗಳಾದರೋ ಬಹುಮಟ್ಟಿಗೆ ವರುಷದ ಉತ್ಪನ್ನವನ್ನೇ ಎಣಿಸುತ್ತವೆ. ದಿಬ್ಬೂರಹಳ್ಳಿಯ ಸುತ್ತಲಿನ ವಾಚಕರೇ, ವಿಚಾರಿಸಿರಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಮಾರಿದ ರೇಷ್ಮೆಗೂಡಿನ ಬೆಲೆ ಆ ಲೆಕ್ಕದಲ್ಲಿ ಸೇರುವದು, ನ್ಯಾಯವೇ. ಆದರೆ ಕೆರೆ ಬತ್ತಿದ್ದರಿಂದ ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನ ಖರ್ಚೂ, ಅದರ ಫ್ಲೋರೈಡ್ ನೀರು ಕುಡಿದು ಹಲ್ಲೂ ಎಲುಬೂ ಕೆಟ್ಟವರ ಔಷಧದ ಖರ್ಚೂ ಅದರಲ್ಲಿಯೇ ಸೇರುವವು! ನಷ್ಟವೇ ಲಾಭದ ಪುಟದಲ್ಲಿ ಬರೆಯಲ್ಪಟ್ಟ ಹಾಗಾಯಿತು.

1990ರಿಂದ ವಿಶ್ವಸಂಸ್ಥೆಯು ಆದಾಯದ ಸಂಗಡ ಆಯುಷ್ಯವನ್ನೂ ವಿದ್ಯೆಯನ್ನೂ ಎಣಿಸುತ್ತಿದೆ. 1999ರಲ್ಲಿ ಕರ್ನಾಟಕ ಸರಕಾರವೂ ಆ ಕ್ರಮದಲ್ಲಿ ಜಿಲ್ಲೆಗಳನ್ನು ತೂಗಿ ವರದಿಮಾಡಿತು. ನೀರಿನ ಗುಣಕ್ಕೆ ಆ ಮೂರರಲ್ಲಿಯೂ ನೇರವಾದ ಸ್ಥಳವಿಲ್ಲ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆ: ನಿಮ್ಮ ಬೀದಿಯಲ್ಲಿ ಕೋಲೂರುವವರು ವಯಸ್ಸಿನಿಂದ ಎಷ್ಟು ಮಂದಿ, ನೀರಿನಿಂದ ಎಷ್ಟು ಮಂದಿ?