ಪರಮ ಪ್ರಸಾದದ ಅದ್ಭುತಗಳು ಮತ್ತು ನಮ್ಮ ವಿಶ್ವಾಸ



ಗೆಜ್ಜಲಗೆರೆಯ ಸುತ್ತಮುತ್ತ ಡೇರಿಗೆ ಹಾಲು ಹಾಕುವ ನಿಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಾಲು ಎಷ್ಟೇ ಬೆಳ್ಳಗಿದ್ದರೂ ಪರೀಕ್ಷೆ ಮಾಡದೆ ತೆಗೆದುಕೊಳ್ಳುವುದಿಲ್ಲ. ಅದನ್ನು ಕುಡಿಯುವ ಮಕ್ಕಳ ಮೇಲಿನ ಕಾಳಜಿಯಿಂದಲೇ ಆ ಪರೀಕ್ಷೆ. ಪರಮ ಪ್ರಸಾದದ ಅದ್ಭುತವಾಯಿತೆಂಬ ಸುದ್ದಿ ಬಂದಾಗ ಧರ್ಮಸಭೆಯೂ ಹಾಗೆಯೇ ನಡೆದುಕೊಳ್ಳುತ್ತದೆ.

ನಮಗೆ ಹತ್ತಿರದ ಉದಾಹರಣೆಯನ್ನೇ ನೋಡೋಣ. ಕೊಡಗಿಗೆ ಹೊಂದಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯ ವಿಳಕ್ಕನ್ನೂರಿನಲ್ಲಿ ಕ್ರಿಸ್ತರಾಜರ ದೇವಾಲಯವಿದೆ. 2013ರ ನವೆಂಬರ್ 15ರಂದು ಅಲ್ಲಿ ನಡೆದ ಬಲಿಪೂಜೆಯಲ್ಲಿ ಪರಮ ಪ್ರಸಾದದ ಮೇಲೆ ಯೇಸುಸ್ವಾಮಿಯ ಮುಖದಂತಹ ರೂಪ ಕಾಣಿಸಿತು. ಜನ ತಂಡೋಪತಂಡವಾಗಿ ಬಂದರು. ಆದರೆ ತಲಶೇರಿ ಮಹಾಧರ್ಮಪ್ರಾಂತ್ಯ ಅವಸರಪಡಲಿಲ್ಲ. ದೈವಶಾಸ್ತ್ರ ಬಲ್ಲವರು ಪರಿಶೀಲಿಸಿದರು. ವೈಜ್ಞಾನಿಕ ಪರೀಕ್ಷೆಯೂ ನಡೆಯಿತು. ಸಿರೊ ಮಲಬಾರ್ ವಿಧಿಯ ಮಂಡ್ಯ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾಗಿದ್ದ ಜಾರ್ಜ್ ಞರಳಕಾಟ್ಟ್‌ರವರು 2014ರಲ್ಲಿ ತಲಶೇರಿಯ ಮಹಾಧರ್ಮಾಧ್ಯಕ್ಷರಾಗಿ ಹೋದರು. 2022ರಲ್ಲಿ ಅವರು ನಿವೃತ್ತರಾದಾಗಲೂ ತೀರ್ಮಾನ ಬಂದಿರಲಿಲ್ಲ. ಕೊನೆಗೆ ವ್ಯಾಟಿಕನ್ನಿನ ಮನ್ನಣೆಯನ್ನು ಘೋಷಿಸಿದ್ದು 2025ರ ಮೇ 31ರಂದು. ಹನ್ನೊಂದೂವರೆ ವರ್ಷಗಳ ತಾಳ್ಮೆ ಇದು!

ಇಂತಹ ಅದ್ಭುತಗಳು ಯಾರಿಗಾಗಿ? ಇಟಲಿಯ ಲಾಂಚಿಯಾನೊದಲ್ಲಿ ಎಂಟನೆಯ ಶತಮಾನದಲ್ಲಿ ರೊಟ್ಟಿ ಮಾಂಸವಾಗಿಯೂ ದ್ರಾಕ್ಷಾರಸ ರಕ್ತವಾಗಿಯೂ ಕಂಡಿತೆಂದು ಪರಂಪರೆ ಹೇಳುತ್ತದೆ. 1970-71ರಲ್ಲಿ ಅದನ್ನು ಪರೀಕ್ಷಿಸಿದ ವೈದ್ಯ ಪ್ರಾಧ್ಯಾಪಕ ಒದೊಆರ್ದೊ ಲಿನೊಲಿಯವರು ಅದು ಮನುಷ್ಯ ಹೃದಯದ ಮಾಂಸ, ರಕ್ತದ ಗುಂಪು ಎ.ಬಿ. ಎಂದು ವರದಿ ಮಾಡಿದರು. 1263ರಲ್ಲಿ ಬೊಲ್ಸೇನದಲ್ಲಿ ಪರಮ ಪ್ರಸಾದದಿಂದ ರಕ್ತ ಒಸರಿತೆಂಬ ಪ್ರತೀತಿಯಿದೆ. ಎರಡೂ ಕಡೆ ಬಲಿಪೀಠದ ಮುಂದೆ ನಿಂತಿದ್ದವರು ಮನಸ್ಸಿನಲ್ಲಿ ಸಂಶಯ ಹೊತ್ತಿದ್ದ ಯಾಜಕರು. ಸಂಶಯ ಬಂದರೂ ಅವರು ಬಲಿಪೂಜೆಯನ್ನು ಬಿಡಲಿಲ್ಲ. ಪ್ರಭುವೂ ಅವರನ್ನು ಕೈಬಿಡಲಿಲ್ಲ. ನಿಮ್ಮ ಮನೆಯ ಮಗನೋ ಮಗಳೋ "ರೊಟ್ಟಿಯಲ್ಲಿ ದೇವರು ಹೇಗಿರುತ್ತಾರೆ?" ಎಂದು ಕೇಳಿದರೆ ಗದರಿಸಬೇಡಿ. ಜೊತೆಯಲ್ಲಿ ಕೂರಿಸಿಕೊಂಡು ಮಾತನಾಡಿ, ಜೊತೆಯಲ್ಲೇ ಪೂಜೆಗೆ ಕರೆತನ್ನಿ.

ಒಂದು ಮಾತು ಮರೆಯಬಾರದು. ಪ್ರತಿ ಬಲಿಪೂಜೆಯಲ್ಲೂ ರೊಟ್ಟಿ ಮತ್ತು ದ್ರಾಕ್ಷಾರಸದ ರೂಪ, ರುಚಿ ಹಾಗೆಯೇ ಉಳಿದು, ಸತ್ವವೇ ಬದಲಾಗಿ ಕ್ರಿಸ್ತರ ಶರೀರ ಮತ್ತು ರಕ್ತವಾಗುತ್ತದೆ. ಇದು ಧರ್ಮಸಭೆಯ ಬೋಧನೆ. 1551ರಲ್ಲಿ ತ್ರೆಂತ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಸಾರಿತು. ವಿಳಕ್ಕನ್ನೂರಿನಂತಹ ಘಟನೆಗಳು ಈ ಸತ್ಯಕ್ಕೆ ಏನನ್ನೂ ಹೊಸದಾಗಿ ಸೇರಿಸುವುದಿಲ್ಲ. ಅವನ್ನು ನಂಬಲೇಬೇಕೆಂಬ ಕಟ್ಟಳೆಯೂ ನಮಗಿಲ್ಲ. ಅವು ದಾರಿ ತೋರುವ ಕೈಮರಗಳು; ಊರು ಇರುವುದು ಬಲಿಪೀಠದಲ್ಲಿ.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ. ಐದು ರೊಟ್ಟಿಯಿಂದ ಐದು ಸಾವಿರ ಜನರಿಗೆ ಉಣಬಡಿಸಿದ ಅದ್ಭುತವನ್ನು ಜನ ಕಣ್ಣಾರೆ ಕಂಡಿದ್ದರು. ಮರುದಿನ ಯೇಸು ತಮ್ಮ ಶರೀರವೇ ಆಹಾರವೆಂದಾಗ ಶಿಷ್ಯರಲ್ಲೇ ಅನೇಕರು ಬಿಟ್ಟುಹೋದರು. ಕಂಡ ಅದ್ಭುತ ಅವರನ್ನು ಒಂದು ದಿನವೂ ಹಿಡಿದು ನಿಲ್ಲಿಸಲಿಲ್ಲ. ಪೇತ್ರ ಉಳಿದದ್ದು ಯೇಸುವಿನ ಮಾತನ್ನು ನಂಬಿ.

2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಬಾಲಕ ಕಾರ್ಲೊ ಅಕುತಿಸ್ ಇಂತಹ ಅದ್ಭುತಗಳ ವಿವರಗಳನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸಿ ಲೋಕಕ್ಕೆ ತಿಳಿಸಿದ. ಅವನಿಗೆ ದಿನನಿತ್ಯದ ಬಲಿಪೂಜೆಯೇ ಎಲ್ಲಕ್ಕಿಂತ ಪ್ರಿಯವಾಗಿತ್ತು.

ಆದ್ದರಿಂದ ಮೊಬೈಲಿನಲ್ಲಿ ಅದ್ಭುತದ ಸುದ್ದಿ ಬಂದರೆ ಇನ್ನೊಬ್ಬರಿಗೆ ಕಳುಹಿಸುವ ಮೊದಲು ನಿಮ್ಮ ಗುರುಗಳನ್ನು ಕೇಳಿ. ಈ ಭಾನುವಾರ ಹತ್ತು ನಿಮಿಷ ಮುಂಚೆ ದೇವಾಲಯಕ್ಕೆ ಬನ್ನಿ. ಪರಮ ಪ್ರಸಾದ ಸ್ವೀಕರಿಸಿದ ಮೇಲೆ ಸ್ವಲ್ಪ ಹೊತ್ತು ಮೌನವಾಗಿ ಮಂಡಿಯೂರಿ. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರಿಗೂ ಪರಮ ಪ್ರಸಾದ ತಲುಪುವಂತೆ ಗುರುಗಳಿಗೆ ತಿಳಿಸಿ.